ಸ್ಪಾರ್ಕ್ ಟ್ರಾನ್ಸ್‌ಮಿಟರ್ ಪ್ರಾಜೆಕ್ಟ್‌ಗೆ ಗ್ಯಾಸ್ ಲೈಟರ್ ಸಾಕು

ಶಾಲೆಯ ಪ್ರಾಜೆಕ್ಟ್‌ಗೆ ಕಿಡಿಯಿಂದ ರೇಡಿಯೋ ಅಲೆ ಕಳಿಸುವ ಹಳೇ ಕಾಲದ ಸ್ಪಾರ್ಕ್ ಟ್ರಾನ್ಸ್‌ಮಿಟರ್ ಮಾಡ್ತಿದ್ದೀರಾ? ಹಾಗಾದರೆ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ತಂತಿಸುರುಳಿ, ಅಂದ್ರೆ ಇಂಡಕ್ಷನ್ ಕಾಯಿಲ್ ಸಹವಾಸ ಬೇಡ, ಶಾಕ್ ಜೋರಾಗಿ ಹೊಡೆಯುತ್ತೆ. ಒತ್ತಿದರೆ ಕಿಡಿ ಹಾರುವ, ಗ್ಯಾಸ್ ತುಂಬಿರದ ಒಲೆ ಲೈಟರ್ ತಗೊಳ್ಳಿ. ಅದರ ನಡುವಿನ ಕಡ್ಡಿಗೆ ಒಂದು ತಾಮ್ರದ ತಂತಿ, ಹೊರಗಿನ ಲೋಹದ ಕೊಳವೆಗೆ ಇನ್ನೊಂದು, ಎರಡೂ ಗೇಣುದ್ದ, ವಿರುದ್ಧ ದಿಕ್ಕಿಗೆ ನೇರವಾಗಿ. ಟ್ರಾನ್ಸ್‌ಮಿಟರ್ ರೆಡಿ. 1887ರಲ್ಲಿ ವಿಜ್ಞಾನಿ ಹರ್ಟ್ಜ್ ಮಾಡಿದ್ದೂ ಇದೇ ತತ್ವದ್ದು. ಒತ್ತುವಾಗ ತಂತಿ ಮುಟ್ಟಬೇಡಿ.

ತಲೆನೋವು ಇರೋದು ರಿಸೀವರ್‌ನಲ್ಲಿ. ಎಎಂ ರೇಡಿಯೋದಲ್ಲಿ ಟಿಕ್ ಅಂತ ಕೇಳಿಸಬಹುದು, ಆದ್ರೆ ರೇಡಿಯೋ ಅಲೆ ಗುರುತಿಸುವ ಹಳೇ ಸಾಧನ ಕೊಹೀರರ್ ಮಾಡಿದ್ರೆ ಮಜಾ ಜಾಸ್ತಿ. ಪೆನ್ನಿನ ಖಾಲಿ ಕೊಳವೆಯ ಎರಡೂ ತುದಿಗೆ ಬೋಲ್ಟ್, ಮಧ್ಯೆ ಅರದಿಂದ ಉಜ್ಜಿದ ಕಬ್ಬಿಣದ ಪುಡಿ, ಇದನ್ನು ಎರಡು ಸೆಲ್, ರೆಸಿಸ್ಟರ್, ಎಲ್‌ಇಡಿ ಜೊತೆ ಸಾಲಾಗಿ ಜೋಡಿಸಿ. ಕಿಡಿ ಹಾರಿದಾಗ ಪುಡಿ ಅಂಟಿಕೊಂಡು ಕರೆಂಟ್ ಹರಿದು ಎಲ್‌ಇಡಿ ಉರಿಯುತ್ತೆ, ಕೊಳವೆಯನ್ನು ಬೆರಳಲ್ಲಿ ತಟ್ಟಿದರೆ ಆರುತ್ತೆ. ನಾನು ಮೊದಲು ಪುಡಿ ಗಟ್ಟಿಯಾಗಿ ತುಂಬಿಬಿಟ್ಟಿದ್ದೆ, ದೀಪ ಸುಮ್ನೆ ಉರೀತಾನೇ ಇತ್ತು! ಸಡಿಲವಾಗಿರಲಿ.

ಉದ್ದದ ಆಂಟೆನಾ ಮಾತ್ರ ಬೇಡ. ಕಿಡಿಯ ಗದ್ದಲ ಎಲ್ಲಾ ಫ್ರೀಕ್ವೆನ್ಸಿಗೂ ಹರಡುತ್ತೆ, ಅದಕ್ಕೇ ಇಂಥ ಟ್ರಾನ್ಸ್‌ಮಿಟರ್‌ಗಳನ್ನು ನಿಷೇಧಿಸಿದ್ದು. ಮೇಜಿನ ಮೇಲಷ್ಟೇ ಆಟ ಇರಲಿ.