ಚಿನ್ನದ ತಗಡು ತನಗೇ ನೆರಳಾದಾಗ

ಎಂಎಸ್ಸಿ ಕೊನೆಯ ವರ್ಷ ನನ್ನ ಪಾಲಿಗೆ ಬಂದದ್ದು ಮ್ಯಾಂಗನೀಸ್. ಅದರ ನ್ಯೂಕ್ಲಿಯಸ್ ನ್ಯೂಟ್ರಾನ್‌ಗಳನ್ನು ಎಷ್ಟು ಸಲೀಸಾಗಿ ನುಂಗುತ್ತದೆ ಎಂದು ಅಳೆಯಬೇಕಿತ್ತು. ಈ ಹಸಿವಿನ ಅಳತೆಗೆ ‘ಬಾರ್ನ್’ ಅಂತಾರೆ, 10⁻²⁴ ಚದರ ಸೆಂ.ಮೀ. ಯುರೇನಿಯಂ ನ್ಯೂಕ್ಲಿಯಸ್ ಕೊಟ್ಟಿಗೆಯಷ್ಟು ದೊಡ್ಡದು ಎಂದು 1942ರಲ್ಲಿ ಅಮೆರಿಕದ ಭೌತವಿಜ್ಞಾನಿಗಳು ತಮಾಷೆಗೆ ಇಟ್ಟ ಹೆಸರು.

ನಮ್ಮಲ್ಲಿ ಇದ್ದದ್ದು ನ್ಯೂಟ್ರಾನ್ ಸೂಸುವ ಅಮೆರಿಸಿಯಂ–ಬೆರಿಲಿಯಂ ಆಕರ, ಸುತ್ತ ಮೇಣದ ಗೋಡೆ. ಮೇಣದ ಹೈಡ್ರೋಜನ್‌ಗೆ ಡಿಕ್ಕಿ ಹೊಡೆದು ಹೊಡೆದು ನ್ಯೂಟ್ರಾನ್ ಸುಸ್ತಾಗಿ ಸೆಕೆಂಡಿಗೆ 2,200 ಮೀಟರ್ ಆಸುಪಾಸಿಗೆ ಇಳಿಯುತ್ತದೆ. ನಿಧಾನವಾದಷ್ಟೂ ಸಿಕ್ಕಿಬೀಳುವುದು ಸಲೀಸು. ಎಷ್ಟು ನ್ಯೂಟ್ರಾನ್ ಬಂದವು ಎಂದು ನೇರವಾಗಿ ಎಣಿಸುವ ಸೌಕರ್ಯ ನಮಗಿರಲಿಲ್ಲ. ಅದಕ್ಕೇ ಮ್ಯಾಂಗನೀಸ್ ಪಕ್ಕದಲ್ಲಿ ಚಿನ್ನ. ಅದರ ಲೆಕ್ಕ ಮೊದಲೇ ಗೊತ್ತು: ನಿಧಾನದ ನ್ಯೂಟ್ರಾನ್‌ಗೆ 98.65 ಬಾರ್ನ್. ಅಂಗಡಿಯ ತಕ್ಕಡಿಯಲ್ಲಿ ಚಿನ್ನ ತೂಗುತ್ತಾರೆ, ನಮಗೆ ಚಿನ್ನವೇ ತೂಕದ ಬಟ್ಟು.

ಮ್ಯಾಂಗನೀಸ್ ಡೈಆಕ್ಸೈಡ್ ಪುಡಿ ಕಪ್ಪು ಮಸಿ. ಪೊಟ್ಟಣ ಕಟ್ಟಿದ ದಿನ ಊಟದ ಹೊತ್ತಿಗೂ ಉಗುರು ಕರ್ರಗೇ ಇತ್ತು. ನ್ಯೂಟ್ರಾನ್ ನುಂಗಿದ ಪರಮಾಣು ತಾನೇ ವಿಕಿರಣ ಸೂಸತೊಡಗುತ್ತದೆ, ನಾವು ಎಣಿಸುವುದು ಅದನ್ನೇ. ಆಕರದ ಬಳಿಯಿಂದ ತೆಗೆದ ಮೇಲೆ ಓಡಬೇಕು: ಹಾಗೆ ಹುಟ್ಟಿದ ಮ್ಯಾಂಗನೀಸ್-56ರ ಅರ್ಧಾಯುಷ್ಯ 2.58 ಗಂಟೆ. ಚಿನ್ನ-198ಕ್ಕೆ 2.7 ದಿನ, ಅದು ಕಾಯುತ್ತದೆ. ಒಂದು ಸಲ ಪೊಟ್ಟಣ ಹೊರಗೆ ತೆಗೆದ ನಿಮಿಷವನ್ನೇ ಬರೆದುಕೊಳ್ಳಲು ಮರೆತು ಇಡೀ ರಾತ್ರಿಯ ಕೆಲಸ ನೀರಿಗೆ ಹೋಯಿತು.

ಪ್ರತಿ ಅಳತೆಯೂ ಎರಡು ಸಲ. ಒಮ್ಮೆ ಹಾಗೇ, ಇನ್ನೊಮ್ಮೆ 1 ಮಿ.ಮೀ. ಕ್ಯಾಡ್ಮಿಯಂ ಡಬ್ಬಿಯೊಳಗೆ. ಸುಮಾರು 0.5 ಎಲೆಕ್ಟ್ರಾನ್ ವೋಲ್ಟ್‌ಗಿಂತ (ಇದು ಶಕ್ತಿಯ ಅಳತೆ) ಕಡಿಮೆ ಶಕ್ತಿಯ ನಿಧಾನದವನ್ನೆಲ್ಲ ಕ್ಯಾಡ್ಮಿಯಂ ಬಾಗಿಲಲ್ಲೇ ತಡೆಯುತ್ತದೆ. ಎರಡರ ವ್ಯತ್ಯಾಸವೇ ನಿಧಾನದವುಗಳ ಪಾಲು. ಅದು ಚೆನ್ನಾಗಿಯೇ ಬಂತು, ಪುಸ್ತಕದ 13.3 ಬಾರ್ನ್ ಹತ್ತಿರ. ಡಬ್ಬಿಯೊಳಗಿನ ಲೆಕ್ಕವೇ ಕೈಕೊಟ್ಟದ್ದು. ಕ್ಯಾಡ್ಮಿಯಂ ದಾಟಿ ಬಂದ ವೇಗದ ನ್ಯೂಟ್ರಾನ್‌ಗಳಿಗೆ ಮ್ಯಾಂಗನೀಸ್‌ನ ಹಸಿವಿನ ಒಟ್ಟು ಮೊತ್ತ 14 ಬಾರ್ನ್ ಬರಬೇಕಿತ್ತು, ನನಗೆ ಬಂದದ್ದು ಅದರ ಎರಡು ಪಟ್ಟಿಗೂ ಹೆಚ್ಚು. ಡಿಟೆಕ್ಟರ್ ಮೇಲೆ ಅನುಮಾನ, ಡಬ್ಬಿಯ ಮುಚ್ಚಳದ ಸಂದಿ ಮೇಲೆ ಅನುಮಾನ. ಎರಡು ವಾರ ಅದರಲ್ಲೇ ಕಳೆಯಿತು.

ಮೇಷ್ಟ್ರು ನನ್ನ ನೋಟ್‌ಬುಕ್ ತಿರುವಿ, “ಮ್ಯಾಂಗನೀಸನ್ನ ಯಾಕಪ್ಪಾ ಬೈತೀಯ? ನಿನ್ನ ತೂಕದ ಬಟ್ಟೇ ಸುಳ್ಳು ಹೇಳ್ತಿದೆಯಲ್ಲ” ಅಂದರು.

4.9 ಎಲೆಕ್ಟ್ರಾನ್ ವೋಲ್ಟ್ ಹತ್ತಿರ ಚಿನ್ನದ ಹಸಿವು ಒಮ್ಮೆಗೇ ಸುಮಾರು 27,000 ಬಾರ್ನ್‌ಗೆ ಜಿಗಿಯುತ್ತದೆ. ಕಾಗದದ ಮೇಲೆ ಹಾಕಿ ನೋಡಿದೆ: ಆ ಶಕ್ತಿಯ ನ್ಯೂಟ್ರಾನ್ ಚಿನ್ನದೊಳಗೆ ಸರಾಸರಿ 6 ಮೈಕ್ರಾನ್ ಆಸುಪಾಸಿನಲ್ಲೇ ಸಿಕ್ಕಿಬೀಳುತ್ತದೆ. ನನ್ನ ತಗಡು 50 ಮೈಕ್ರಾನ್! ಹೊರಗಿನ ಪದರ ಎಲ್ಲವನ್ನೂ ತಿಂದು ಒಳಗಿನ ಚಿನ್ನವನ್ನು ಉಪವಾಸ ಕೆಡವಿತ್ತು. ಹಾಗಾಗಿ ವೇಗದ ನ್ಯೂಟ್ರಾನ್ ಕಡಿಮೆ ಇವೆ ಎಂದು ಚಿನ್ನ ಹೇಳಿತು, ಆ ಕಡಿಮೆ ಸಂಖ್ಯೆಯಿಂದ ಭಾಗಿಸಿದಾಗ ಮ್ಯಾಂಗನೀಸ್ ಉಬ್ಬಿತು.

ಈ ನೆರಳು ಬೀಳದಿರಲೆಂದು ಅಲ್ಯೂಮಿನಿಯಂನಲ್ಲಿ 0.1 ಶೇಕಡಾ ಚಿನ್ನ ಬೆರೆಸಿದ ತಂತಿ ಬಳಸುವುದು ರಿಯಾಕ್ಟರ್‌ಗಳಲ್ಲಿ ರೂಢಿ. ನಮ್ಮ ಬಡ ಆಕರಕ್ಕೆ ಅಷ್ಟು ಚೂರು ಚಿನ್ನ ಸಾಲದು, ಎಣಿಕೆಯೇ ಬರುವುದಿಲ್ಲ. ಅಕ್ಕಸಾಲಿಗರಿಂದ ರೇಕು ತರಲೇ ಎಂದು ಕೇಳಿ ಬೈಸಿಕೊಂಡೆ. ಅದರ ಶುದ್ಧತೆಗೆ ಜವಾಬು ಯಾರು? ಕಡೆಗೆ 50, 25, 10 ಮೈಕ್ರಾನ್ ತಗಡುಗಳಲ್ಲಿ ಅಳೆದೆ. ತೆಳುವಾದಂತೆ ಪ್ರತಿ ಗ್ರಾಂ ಚಿನ್ನದ ಎಣಿಕೆ ಏರುತ್ತಾ ಹೋಯಿತು. 10 ಮೈಕ್ರಾನ್‌ನಲ್ಲೂ ನೆರಳು ಪೂರ್ತಿ ಹೋಗಿರಲಿಲ್ಲ, ತಿದ್ದುಪಡಿ ಹಾಕಲೇಬೇಕಾಯಿತು. ಆಮೇಲೆ ಮ್ಯಾಂಗನೀಸ್ 14ರ ನೆರೆಗೆ ಬಂದು ಕೂತಿತು. ನನಗೆ ಈಗಲೂ ಇಷ್ಟವಾಗುವುದು ಆ ಉತ್ತರವಲ್ಲ, ಮೂರು ಚುಕ್ಕೆಗಳ ಆ ಗ್ರಾಫ್.

ಪ್ರಾಜೆಕ್ಟ್ ಮುಗಿದ ಮೇಲೆ ಚಿನ್ನವನ್ನು ಸ್ಟಾಕ್ ರಿಜಿಸ್ಟರ್‌ಗೆ ವಾಪಸ್ ಮಾಡಬೇಕು. ದೊಡ್ಡ ತಗಡನ್ನು ಗುಮಾಸ್ತರು ತೂಗಿ, 96 ಮಿಲಿಗ್ರಾಂ, ಕೊಟ್ಟಷ್ಟೇ ಇದೆ ಎಂದು ಬರೆದು ಸಹಿ ಹಾಕಿಸಿಕೊಂಡರು. ಅದರಲ್ಲಿ ನ್ಯೂಟ್ರಾನ್ ನುಂಗಿ ಚಿನ್ನ-198 ಆದ ಹತ್ತಾರು ಕೋಟಿ ಪರಮಾಣುಗಳು ಅಷ್ಟರಲ್ಲಿ ಕ್ಷಯಿಸಿ ಪಾದರಸವಾಗಿದ್ದವು. ನಾನು ಬಾಯಿ ಬಿಡಲಿಲ್ಲ.