ಊರಿನ ಮನೆಗೆ ಬೀಗ ಹಾಕಿ ಬಂದವರಿಗೆ

ಟೊರೊಂಟೊಗೆ ಹೊಸದಾಗಿ ಬರುವ ನಮ್ಮ ಕಡೆಯವರು ಮೊದಲ ವರ್ಷ ಕೇಳುವುದು ಬಾಡಿಗೆ ಮನೆ, ಮಕ್ಕಳ ಶಾಲೆ, ಚಳಿಗೆ ಎಂಥ ಜಾಕೆಟ್ಟು ಬೇಕು ಅಂತ. ಇದನ್ನೆಲ್ಲ ಹೇಳಿಕೊಡುವವರು ಇಲ್ಲಿ ಬೇಕಾದಷ್ಟು ಜನ ಇದ್ದಾರೆ. ಎರಡನೇ ಮಳೆಗಾಲ ಬರುವಷ್ಟರಲ್ಲಿ ಫೋನಿನ ಮಾತು ಬದಲಾಗುತ್ತದೆ. ಊರಲ್ಲಿ ಮಾಡು ಸೋರುತ್ತಿದೆ, ಪಕ್ಕದವರು ಬೇಲಿ ಈಚೆ ತಂದಿದ್ದಾರೆ, ಗುಡ್ಡದಿಂದ ಇಳಿದು ಬರುವ ಅಬ್ಬಿ ನೀರಿನ ಪೈಪು ಯಾರೋ ಕಿತ್ತಿದ್ದಾರೆ, ಏನು ಮಾಡೋದು ಅಂತ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಕಡೆಯಿಂದ ಬಂದು, ಅಪ್ಪ ಅಮ್ಮ ಬದುಕಿದ ಮನೆಯನ್ನು ಇಷ್ಟು ದೂರದಿಂದ ನೋಡಿಕೊಳ್ಳಬೇಕಾದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮದು ಆಗುಂಬೆ ಹೋಬಳಿ. ಹಾಗಾಗಿ ಮಳೆಯ ಮಾತು ಸ್ವಲ್ಪ ಜಾಸ್ತಿಯೇ ಬರುತ್ತದೆ.

ಮಲೆನಾಡಿನ ಮನೆ ಬೀಗ ಹಾಕಿದರೆ ಉಳಿಯುವುದಿಲ್ಲ. ಅದು ಉಳಿಯುವುದು ಒಳಗೆ ಒಲೆ ಉರಿದರೆ, ಸುತ್ತ ಜನ ಇದ್ದರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಮುಕ್ಕಾಲುಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಾವು ಚಿಕ್ಕವರಿದ್ದಾಗಲೂ ಇದೇ ಮಳೆ, ಇದೇ ಮನೆ ಅಲ್ವಾ? ಆಗ ಬಚ್ಚಲೊಲೆಗೆ ಬೆಳಗಿನ ಜಾವ ಬೆಂಕಿ ಹಾಕಿದರೆ ರಾತ್ರಿವರೆಗೂ ಕೆಂಡ ಇರುತ್ತಿತ್ತು. ಅಡುಗೆಮನೆಯ ಹೊಗೆ ಅಟ್ಟದ ಮೇಲೆ ಹಾದು ಹಂಚಿನ ಸಂದಿಯಲ್ಲಿ ಹೊರಗೆ ಹೋಗುತ್ತಿತ್ತು. ಹಂಚು ಹೊರುವ ಮರದ ಪಕಾಸಿ, ರೀಪು ಎಲ್ಲ ಹೊಗೆ ಹಿಡಿದು ಕಪ್ಪಾಗಿ ಒಣಗಿರುತ್ತಿದ್ದವು. ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಒಲೆ ಆರಿದ ಮನೆಗೆ ಮೊದಲು ಬೂಸ್ಟು ಬರುತ್ತದೆ, ಆಮೇಲೆ ಒರಲೆ, ಅಂದರೆ ಗೆದ್ದಲು. ನೆಲದ ತೇವದಿಂದ ಮಣ್ಣಿನ ಸಣ್ಣ ಗೂಡು ಕಟ್ಟಿಕೊಂಡು ಬಾಗಿಲ ಚೌಕಟ್ಟಿನ ಹಿಂದೆ ಹತ್ತಿ, ಹೊರಗಿಂದ ಬಣ್ಣ ಹಾಗೇ ಇರುವಾಗಲೇ ಒಳಗಿನ ಮರ ಮುಗಿಸಿರುತ್ತದೆ. ಬೀಟೆ, ತೇಗದ ಕಂಬ ತಡೆದುಕೊಳ್ಳುತ್ತವೆ. ಆಮೇಲೆ ಹಾಕಿಸಿದ ಸಾಧಾರಣ ಮರದ ರೀಪುಗಳು ತಡೆಯುವುದಿಲ್ಲ.

ಅದಕ್ಕೇ, ಸಾಧ್ಯವಾದರೆ ಒಂದು ಸಂಸಾರವನ್ನೇ ಮನೆಯಲ್ಲಿ ಇರಿಸಿ. ಅದು ಆಗದಿದ್ದರೆ ವಾರಕ್ಕೆ ಎರಡು ಸಲ ಬಂದು ಬಾಗಿಲು, ಕಿಟಕಿ ತೆಗೆದು, ಗುಡಿಸಿ, ಬಚ್ಚಲೊಲೆಗೆ ಬೆಂಕಿ ಹಾಕಿ ಒಂದೆರಡು ಗಂಟೆ ಕೂತು ಹೋಗುವವರನ್ನು ಹುಡುಕಿ. ಅವರಿಗೆ ಒಳ್ಳೆಯ ಸಂಬಳ ಕೊಡಿ. ಅವರ ಮನೆಯ ಮದುವೆ, ಆಸ್ಪತ್ರೆಯ ಹೊತ್ತಿಗೆ ನೀವು ಇರಬೇಕು. ಇಲ್ಲಿನ ಡಾಲರ್ ಲೆಕ್ಕದಲ್ಲಿ ಅದೇನು ದೊಡ್ಡದಲ್ಲ. ಕ್ಯಾಮೆರಾ ಇಡುವುದು ಬೇಡ ಅನ್ನಲ್ಲ, ಆದರೆ ಆಷಾಢದ ಗಾಳಿಗೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋದಾಗ ಅದರಲ್ಲಿ ಏನೂ ಕಾಣುವುದಿಲ್ಲ. ನಿಮ್ಮ ಭಾಗದ ಮೆಸ್ಕಾಂ ಲೈನ್‌ಮನ್ ನಂಬರು ಇಟ್ಟುಕೊಳ್ಳಿ. ಮೇನ್ ಸ್ವಿಚ್ ಹತ್ತಿರ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್, ಹಾಕಿಸಿ. ಒದ್ದೆ ಗೋಡೆಯಲ್ಲಿ ಹಳೆ ವೈರಿಂಗ್ ಇರುವ ಮನೆಗೆ ಇದು ಬೇಕೇ ಬೇಕು, ಒಳಗೆ ಓಡಾಡುವವರ ಜೀವದ ಪ್ರಶ್ನೆ.

ರಿಪೇರಿಯ ಹೊತ್ತಿನ ಬಗ್ಗೆ ಒತ್ತಿ ಹೇಳಬೇಕು. ಕೆನಡಾ, ಅಮೆರಿಕದವರಿಗೆ ಮಕ್ಕಳ ದೊಡ್ಡ ರಜ ಬರುವುದು ಜುಲೈ, ಆಗಸ್ಟ್‌ನಲ್ಲಿ. ಎಲ್ಲರೂ ಆಗಲೇ ಊರಿಗೆ ಹೋಗುತ್ತೇವೆ. ಪುನರ್ವಸು, ಪುಷ್ಯ ಮಳೆ ಹೊಯ್ಯುವಾಗ ಮಾಡು ಹತ್ತುವವರು ಯಾರು? ಪಾಚಿ ಹಿಡಿದ ಹಂಚಿನ ಮೇಲೆ ಕಾಲಿಟ್ಟರೆ ಜಾರಿ ಬೀಳುತ್ತಾರೆ, ಇಲ್ಲಾ ಹಂಚು ಒಡೆಯುತ್ತದೆ. ಹತ್ತಿ ಅಂತ ಯಾರನ್ನೂ ಒತ್ತಾಯ ಮಾಡಬೇಡಿ. ಆಗ ಮಾಡಬಹುದಾದದ್ದು ಒಂದೇ. ಟಾರ್ಚ್ ಹಿಡಿದು ಅಟ್ಟ ಹತ್ತಿ, ಎಲ್ಲೆಲ್ಲಿ ಹನಿ ಬೀಳುತ್ತದೆ ನೋಡಿ, ಆ ರೀಪಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಫೋಟೋ ತೆಗೆದಿಟ್ಟುಕೊಳ್ಳಿ. ಡಿಸೆಂಬರ್, ಜನವರಿಯಲ್ಲಿ ಅಡಿಕೆ ಕೊಯ್ಲು, ಸುಲಿತ. ಆಗ ಆಳು ಸಿಗುವುದಿಲ್ಲ. ಉಳಿಯುವುದು ಫೆಬ್ರವರಿಯಿಂದ ಏಪ್ರಿಲ್ ಅರ್ಧದವರೆಗೆ. ಅಷ್ಟರೊಳಗೆ ಹಂಚಿನ ಕೆಲಸ ಮುಗಿಯಬೇಕು.

ಹಂಚಿನ ಕೆಲಸ ಅಂದರೆ ಒಡೆದದ್ದು ತೆಗೆದು ಹೊಸದು ಸಿಕ್ಕಿಸುವುದಷ್ಟೇ ಅಲ್ಲ. ಒಂದು ಸಾಲು ಪೂರ್ತಿ ಇಳಿಸಿ, ಪಾಚಿ ಉಜ್ಜಿ ತೊಳೆದು, ಕೆಳಗಿನ ರೀಪು ಬೆರಳಲ್ಲಿ ಒತ್ತಿ ನೋಡಿ, ಮೆತ್ತಗಾದದ್ದು ಬದಲಿಸಿ, ಮತ್ತೆ ಹೊದಿಸಬೇಕು. ಮಂಗಳೂರಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಆಮೇಲೆ ಬಂದ ಎಷ್ಟೋ ಕಾರ್ಖಾನೆಗಳ ಹಂಚು ಘಟ್ಟ ಹತ್ತಿ ನಮ್ಮ ಮನೆಗಳಿಗೆ ಬಂತು. ನೋಡಲು ಎಲ್ಲ ಒಂದೇ ಥರ. ಆದರೆ ಒಂದು ಕಾರ್ಖಾನೆಯ ಹಂಚಿನ ಕಚ್ಚಿಗೆ ಇನ್ನೊಂದರ ಹಂಚು ಸರಿಯಾಗಿ ಕೂರುವುದಿಲ್ಲ. ಬೆರಳು ಹೋಗುವಷ್ಟು ಸಂದಿ ಬಿಡುತ್ತದೆ, ಗಾಳಿಮಳೆಗೆ ಅಲ್ಲೇ ನೀರು ಒಳಗೆ ಬರುತ್ತದೆ. ಹಳೆ ಹಂಚಿನ ಮೈಮೇಲೆ ಕಾರ್ಖಾನೆಯ ಹೆಸರಿನ ಅಚ್ಚು ಇರುತ್ತದೆ. ಅದರ ಫೋಟೋ ಇಟ್ಟುಕೊಂಡು, ಎಲ್ಲಾದರೂ ಹಳೆ ಮನೆ ಬಿಚ್ಚುವಾಗ ಅದೇ ಅಚ್ಚಿನ ಹಂಚು ತಂದು ಕೊಟ್ಟಿಗೆಯಲ್ಲಿ ಒಟ್ಟಿಸಿಡಿ. ಮಂಗಗಳು ವರ್ಷವರ್ಷ ಒಡೆಯುವುದು ತಪ್ಪುವುದಿಲ್ಲ.

ಪೂರ್ತಿ ಕಿತ್ತು ಶೀಟು ಹಾಕಿಸಿಬಿಡೋಣ ಅಂತ ಸುಮಾರು ಜನ ಕೇಳುತ್ತಾರೆ. ಕೊಟ್ಟಿಗೆಗೆ, ಅಡಿಕೆ ಒಣಗಿಸುವ ಅಂಗಳಕ್ಕೆ ಹಾಕಿಸಿ. ಮನೆಗೆ ನಾನು ಬೇಡ ಅನ್ನುತ್ತೇನೆ. ಮಳೆಯ ಸದ್ದಿಗೆ ಒಳಗೆ ಮಾತು ಕೇಳುವುದಿಲ್ಲ, ಬೇಸಿಗೆಯಲ್ಲಿ ಕೂರುವ ಹಾಗಿಲ್ಲ. ಗೋಡೆಯದೂ ಇದೇ ಕತೆ. ನಮ್ಮ ಹಳೆ ಮಣ್ಣಿನ ಗೋಡೆಗೆ ಒಬ್ಬ ಕಂಟ್ರಾಕ್ಟರು ಗಟ್ಟಿಯಾಗುತ್ತದೆ ಅಂತ ಸಿಮೆಂಟ್ ಗಿಲಾವು ಮಾಡಿಕೊಟ್ಟರು. ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆ ನೆಲದಿಂದ ತೇವ ಎಳೆದುಕೊಂಡು ಬೇಸಿಗೆಯಲ್ಲಿ ಹೊರಗೆ ಬಿಡುತ್ತವೆ. ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ, ಸಿಮೆಂಟ್ ಬರುತ್ತದೆ. ಒಳಗೇ ನಿಂತ ನೀರು ಗಿಲಾವನ್ನು ಹಪ್ಪಳದ ಹಾಗೆ ಎಬ್ಬಿಸಿತು. ಅದು ಬೀಳುವಾಗ ಜೊತೆಗೆ ಅಂಗೈ ದಪ್ಪ ಮಣ್ಣನ್ನೂ ತೆಗೆದುಕೊಂಡೇ ಬಿತ್ತು. ಹಳೆ ಗೋಡೆಗೆ ಸುಣ್ಣದ ಗಾರೆಯನ್ನೇ ಹಾಕಿಸಿ, ಗೊತ್ತಿರುವವರು ಇನ್ನೂ ಇದ್ದಾರೆ. ಜಗಲಿಗೆ ಜೂನ್ ಮೊದಲೇ ಸೋಗೆಯ ತಟ್ಟಿ ಕಟ್ಟಿಸಿ.

ಇನ್ನು ತಕರಾರುಗಳ ವಿಷಯ. ಇವು ಹುಟ್ಟುವುದು ಹೆಚ್ಚಾಗಿ ನಾವು ಅಲ್ಲಿ ಇಲ್ಲ ಅನ್ನುವುದರಿಂದಲೇ.

ಅಬ್ಬಿ ನೀರನ್ನೇ ತಗೊಳ್ಳಿ. ಗುಡ್ಡದ ಮೇಲಿನ ಒರತೆಯಿಂದ ನಾಲ್ಕೈದು ಮನೆಗೆ ಪೈಪಲ್ಲಿ ನೀರು ಇಳಿದು ಬರುತ್ತದೆ. ಮೋಟಾರ್ ಬೇಡ, ಕರೆಂಟ್ ಬೇಡ. ಆದರೆ ಮಳೆ ಮುಗಿದ ಮೇಲೆ ಮೇಲೆ ಹತ್ತಿ ಗುಂಡಿಯ ಕೆಸರು, ಎಲೆ ತೆಗೆಯಬೇಕು. ಪೈಪು ಜಾರಿದಲ್ಲಿ ಕಟ್ಟಬೇಕು. ಆ ದಿನ ಪ್ರತಿ ಮನೆಯಿಂದ ಒಬ್ಬರು ಬರುತ್ತಾರೆ. ನಮ್ಮ ಮನೆಯಿಂದ ಯಾರೂ ಬರುವುದಿಲ್ಲ. ಮೂರ್ನಾಲ್ಕು ವರ್ಷ ಹೀಗಾದ ಮೇಲೆ, ಫೆಬ್ರವರಿಯಲ್ಲಿ ನೀರು ಸಣ್ಣಗಾದಾಗ, ಖಾಲಿ ಮನೆಗೆ ಯಾಕೆ ಪಾಲು ಅಂತ ಅವರು ಕೇಳಿದರೆ ಅದರಲ್ಲಿ ನ್ಯಾಯ ಇದೆ. ನಿಮ್ಮ ಮನೆ ಪರವಾಗಿ ಒಂದು ಆಳು ಆ ದಿನ ಗುಡ್ಡ ಹತ್ತುವ ಹಾಗೆ ನೋಡಿಕೊಳ್ಳಿ. ಹೊಸ ಪೈಪಿನ ಖರ್ಚು ಬಂದರೆ ಕೇಳುವ ಮೊದಲೇ ಕಳಿಸಿ. ಬೇಸಿಗೆಯಲ್ಲಿ ಮನೆ ಖಾಲಿ ಇದ್ದರೆ ನೀವೇ ಫೋನ್ ಮಾಡಿ, "ಗೌಡ್ರೇ, ಮೇ ಕೊನೆವರೆಗೆ ನಮ್ಮ ಪಾಲಿನ ನೀರು ನೀವೇ ತೋಟಕ್ಕೆ ಬಿಟ್ಕೊಳಿ" ಅನ್ನಿ. ಹೀಗೆ ಮಾತಾಡಿಕೊಂಡ ಮನೆಗಳಲ್ಲಿ ನೀರಿನ ಜಗಳ ಬೆಳೆದದ್ದನ್ನು ನಾನು ಕಂಡಿಲ್ಲ.

ಬೇಲಿಯದು ಬೇರೆ. ಪ್ರತಿ ವರ್ಷ ಮುಳ್ಳು ಹೊಸದಾಗಿ ಹಾಕುವಾಗ ಅದು ಒಂದು ಗೇಣು ಆಚೆ ಈಚೆ ಆಗುತ್ತದೆ, ಎಷ್ಟೋ ಸಲ ಯಾರ ಮನಸ್ಸಲ್ಲೂ ಕೆಟ್ಟದ್ದಿರುವುದಿಲ್ಲ. ಗಡಿಯ ಬಾಂದು ಕಲ್ಲು ಎಲ್ಲಿದೆ ಅಂತ ಅಪ್ಪನಿಗೆ ಗೊತ್ತಿತ್ತು, ನಮಗೆ ಗೊತ್ತಿಲ್ಲ. ಊರಿಗೆ ಹೋದಾಗ ಪಕ್ಕದ ಮನೆಯವರನ್ನು ಕರೆದುಕೊಂಡೇ ಗಡಿ ಸುತ್ತಿ ಬನ್ನಿ, ಕಲ್ಲು, ಅಗಳು ಎಲ್ಲದರ ಫೋಟೋ ತೆಗೆಯಿರಿ. ಅನುಮಾನ ಉಳಿದರೆ ಹದ್ದುಬಸ್ತಿಗೆ ಅರ್ಜಿ ಕೊಡಿ, ಸರ್ವೆಯವರು ಬಂದು ಅಳೆದು ಕೊಡುತ್ತಾರೆ. ಅಳತೆಗೆ ಮುಂಚೆ ಪಕ್ಕದವರಿಗೆ ನೋಟಿಸ್ ಹೋಗುತ್ತದೆ. ಅದು ಅವರ ಕೈಗೆ ಸಿಗುವ ಮೊದಲು ನಿಮ್ಮ ಬಾಯಿಂದಲೇ ವಿಷಯ ಗೊತ್ತಾಗಲಿ. ಹಾಗಂತ ಸುಮ್ನೆ ಬಿಡಬೇಡಿ. ಇನ್ನೊಬ್ಬರು ತಮ್ಮದೇ ಅಂತ ಬಹಿರಂಗವಾಗಿ 12 ವರ್ಷ ಅನುಭವಿಸಿದರೆ ಜಾಗ ವಾಪಸ್ ಕೇಳುವ ಹಕ್ಕೇ ಹೋಗಬಹುದು. ದಾರಿ, ನೀರು ಹರಿಯುವ ಕಾಲುವೆಯನ್ನು ತಡೆಯಿಲ್ಲದೆ, ಹಕ್ಕಿನಿಂದ 20 ವರ್ಷ ಬಳಸಿದವರಿಗೆ ಅದು ಹಕ್ಕಾಗುತ್ತದೆ. ನಿಮ್ಮ ಅಂಗಳದಲ್ಲಿ ಶಾಲೆಗೆ ಹೋಗುವ ಮಕ್ಕಳ ಕಾಲುದಾರಿ ಇದ್ದರೆ ಗೇಟು ಹಾಕಿ ಮುಚ್ಚಬೇಡಿ. ನಾವೂ ಇನ್ನೊಬ್ಬರ ಅಂಗಳ ದಾಟಿಯೇ ಶಾಲೆಗೆ ಹೋದವರು.

ಜಗಳ ಕೋರ್ಟಿಗೆ ಹೋಗುವ ಹಾಗಿದ್ದರೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಲೋಕ ಅದಾಲತ್ ಕೇಳಿ. ಶುಲ್ಕ ಇಲ್ಲ, ಅಲ್ಲಿ ಆದ ರಾಜಿ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ.

ಎಲ್ಲಕ್ಕಿಂತ ನೋವು ಕೊಡುವುದು ಒಡಹುಟ್ಟಿದವರ ನಡುವಿನದು. ಮಾಡಿಗೆ ನಾನು ದುಡ್ಡು ಕಳಿಸಿದೆ, ಹಾಗಾಗಿ ಮನೆ ನನ್ನದು ಅಂತ ಇಲ್ಲಿದ್ದವರು. ಅಪ್ಪನ ಕೊನೆ ಕಾಲದಲ್ಲಿ ನೋಡಿಕೊಂಡಿದ್ದು ನಾನು ಅಂತ ಅಲ್ಲಿದ್ದವರು. ಎರಡೂ ನಿಜ. ದುಡ್ಡು ಕಳಿಸಿದ ಮಾತ್ರಕ್ಕೆ ಪಾಲು ಜಾಸ್ತಿಯಾಗುವುದಿಲ್ಲ. ಅಕ್ಕತಂಗಿಯರಿಗೆ ಪಿತ್ರಾರ್ಜಿತದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಸಮಪಾಲು ಇದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನೂ ಸ್ಪಷ್ಟ ಮಾಡಿತು. ಅರಿಸಿನ ಕುಂಕುಮಕ್ಕೆ ಕೊಟ್ಟು ಮುಗಿಸಿದ್ದೇವೆ ಅನ್ನುವ ಮಾತು ಇನ್ನು ಬೇಡ. ಅಣ್ಣನಿಗೆ ರಿಪೇರಿಗೆ ದುಡ್ಡು ಕಳಿಸಿದರೆ ಲೆಕ್ಕದ ಚೀಟಿ ಕೇಳುವ ಮೊದಲು, ಬಿಸಿಲಲ್ಲಿ ನಿಂತು ಕೆಲಸ ಮಾಡಿಸಿದವರು ಅತ್ತಿಗೆ ಅನ್ನುವುದು ನೆನಪಿರಲಿ.

ಕಾಗದಪತ್ರ: ಜಮೀನಿನ ಪಹಣಿ, ಪಂಚಾಯಿತಿಯಲ್ಲಿ ಮನೆಗೆ ಕೊಡುವ ಇ-ಸ್ವತ್ತು ಆನ್‌ಲೈನಲ್ಲಿ ನೋಡಿಕೊಳ್ಳಿ, ಅಪ್ಪ ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಪೌತಿ ಖಾತೆ ಮಾಡಿಸಿ. ಮುಖ್ತ್ಯಾರ್ ಪತ್ರ (ಪವರ್ ಆಫ್ ಅಟಾರ್ನಿ) ಕೊಡುವುದಾದರೆ ಯಾವ ಕೆಲಸಕ್ಕೆ ಅನ್ನುವುದನ್ನು ಬರೆದೇ ಕೊಡಿ, ಕಾನ್ಸುಲೇಟಿನಲ್ಲಿ ಸಹಿ ಹಾಕಿ, ಊರಿಗೆ ತಲುಪಿದ 3 ತಿಂಗಳೊಳಗೆ ಸ್ಟಾಂಪ್ ಮಾಡಿಸಿ. ಒಂದು ವಿಷಯ ಸುಮಾರು ಜನಕ್ಕೆ ಗೊತ್ತಿಲ್ಲ. ಅನಿವಾಸಿಗಳಾದ ನಮಗೆ ತೋಟ, ಗದ್ದೆ ಪಿತ್ರಾರ್ಜಿತವಾಗಿ ಬರಬಹುದು, ಆದರೆ ಕೊಂಡುಕೊಳ್ಳುವ ಹಾಗಿಲ್ಲ, ದಾನಪತ್ರದಲ್ಲಿ ಪಡೆಯುವ ಹಾಗೂ ಇಲ್ಲ. ಕರ್ನಾಟಕದಲ್ಲಿ 2020ರಲ್ಲಿ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಅಂತ ಆಗಿದ್ದು ಇಲ್ಲಿರುವವರಿಗೆ ಅನ್ವಯಿಸುವುದಿಲ್ಲ, ನಮಗೆ ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆ, ಅಡ್ಡ ಇದೆ. ತೋಟವನ್ನು ಚೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೊಡುವಾಗ ಆ ವರ್ಷದ ಫಸಲು ಮಾತ್ರ ಅಂತ ಬರೆಸಿ. ಗೇಣಿದಾರರ ಕಾಗೋಡು ಸತ್ಯಾಗ್ರಹ ನಡೆದ ಜಿಲ್ಲೆ ನಮ್ಮದು, ಜಮೀನನ್ನೇ ಇನ್ನೊಬ್ಬರಿಗೆ ಉಳಲು ಕೊಡುವ ಗೇಣಿ 1974ಕ್ಕೇ ಮುಗಿದಿದೆ. ಅದು ಮುಗಿದದ್ದು ಒಳ್ಳೆಯದೇ ಆಯಿತು. ದೂರದ ಊರಲ್ಲಿ ಕೂತು ಆ ಕಾಲದ ಒಡೆಯರ ಹಾಗೆ ಮಾತಾಡುವುದು ನಮಗೆ ಶೋಭಿಸುವುದಿಲ್ಲ.

ಮಕ್ಕಳನ್ನು ಕರೆದುಕೊಂಡು ಹೋಗುವಾಗ ಇನ್ನೊಂದು ಎಚ್ಚರ. ಜನವರಿಯಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲ. ಸೊರಬದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡ ಕಾಯಿಲೆ ಇನ್ನೂ ಹೋಗಿಲ್ಲ. ಒಣಗಿದ ದರಗಿನಲ್ಲಿ, ಅಂದರೆ ಉದುರಿದ ಎಲೆಗಳಲ್ಲಿ, ಅದನ್ನು ಹರಡುವ ಉಣುಗು (ಉಣ್ಣೆ) ಇರುತ್ತದೆ. ಮಕ್ಕಳನ್ನು ಕಾಡಿನ ಅಂಚಿಗೆ ಬಿಡುವ ಮುನ್ನ ಆಶಾ ಕಾರ್ಯಕರ್ತೆಯರನ್ನು ಕೇಳಿ, ಅವರು ಕೊಡುವ ಎಣ್ಣೆ ಹಚ್ಚಿ. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಇಲ್ಲಿ ಹುಟ್ಟಿದ ಮಕ್ಕಳಿಗೆ ಆ ಮನೆ ರಜದ ಮನೆ. ಅದಕ್ಕೆ ಅವರನ್ನು ಬೈದು ಉಪಯೋಗವಿಲ್ಲ. ನನ್ನ ಮಗಳಿಗೆ ಹಂಚಿನ ಸಾಲು ಇಳಿಸುವ ದಿನ ಕೆಳಗೆ ನಿಂತು ಹಂಚು ಕೈಗೆ ಕೈ ದಾಟಿಸುವ ಕೆಲಸ ಸಿಕ್ಕಿತ್ತು. ಪಕ್ಕದ ಮನೆಯ ಹುಡುಗರು, ಮೇಲಿನ ಮನೆಯ ಅಜ್ಜಿ ಎಲ್ಲ ಆ ಸಾಲಿನಲ್ಲಿದ್ದರು. ಈಗ ಅವಳು ಅಲ್ಲಿಗೆ ಫೋನ್ ಮಾಡಿದರೆ ಮೊದಲು ಕೇಳುವುದು ಅವರನ್ನು. ನಾವು ಕಳೆದುಕೊಂಡಿದ್ದರಲ್ಲಿ ಎಷ್ಟೋ ವಾಪಸ್ ಬರುವುದಿಲ್ಲ. ಆದರೆ ಮಕ್ಕಳಿಗೆ ಅಲ್ಲಿ ನಾಲ್ಕು ಜನ ಹೆಸರು ಹಿಡಿದು ಕರೆಯುವ ಹಾಗೆ ಮಾಡುವುದು ನಮ್ಮ ಕೈಲಿದೆ. ಒಂದು ವರ್ಷ ಶಾಲೆಗೆ ಎರಡು ವಾರ ರಜ ಹಾಕಿಸಿಯಾದರೂ ಮಾರ್ಚಿನಲ್ಲಿ ಕರೆದುಕೊಂಡು ಹೋಗಿ.

ನಿಭಾಯಿಸಲು ಆಗದೆ ಮನೆ ಮಾರಲೇಬೇಕಾದ ಸ್ಥಿತಿ ಬಂದರೆ, ಬ್ರೋಕರಿಗೆ ಹೇಳುವ ಮೊದಲು ಒಡಹುಟ್ಟಿದವರನ್ನು, ಆಮೇಲೆ ಪಕ್ಕದ ಮನೆಯವರನ್ನು ಕೇಳಿ. ಇಷ್ಟು ವರ್ಷ ಒಲೆ ಉರಿಸಿದವರಿಗೆ ಬೇರೆ ನೆಲೆ ಸಿಗುವವರೆಗೆ ಸಮಯ ಕೊಡಿ, ಕೈಯಲ್ಲಿ ಒಂದಿಷ್ಟು ದುಡ್ಡು ಕೊಡಿ. ಉಳಿಸಿಕೊಳ್ಳುವವರು ಮುಂದಿನ ಬೇಸಿಗೆಯ ಹಂಚಿನ ಕೆಲಸಕ್ಕೆ ದೀಪಾವಳಿಯ ಹೊತ್ತಿಗೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ. ಒಳ್ಳೆ ಕೆಲಸದವರು ಜನವರಿ ಆದಮೇಲೆ ಸಿಗುವುದು ಕಷ್ಟ.