ಗೊತ್ತಿರುವ ಪುಟವನ್ನೇ ಮೊದಲು ತೆರೆಯಿರಿ: ಇತಿಹಾಸ, ಕಾದಂಬರಿ, ಹವ್ಯಾಸದ ಪುಸ್ತಕಗಳನ್ನು ಆರಿಸುವ ಬಗೆ

ಪುಸ್ತಕದ ಅಂಗಡಿಯಲ್ಲಿ ನಿಂತು ಒಂದು ಪುಸ್ತಕವನ್ನು ಕೊಳ್ಳಬೇಕೋ ಬೇಡವೋ ಎಂದು ನಿರ್ಧರಿಸಲು ನಮಗೆ ಸಿಗುವುದು ಹೆಚ್ಚೆಂದರೆ ಹತ್ತು ನಿಮಿಷ. ಆ ಹೊತ್ತಿನಲ್ಲಿ ಹೆಚ್ಚಿನವರು ಮುಖಪುಟವನ್ನು ನೋಡಿ, ಬೆನ್ನುಡಿಯನ್ನು ಓದಿ, ಬೆಲೆಯ ಮೇಲೆ ಕಣ್ಣಾಡಿಸಿ ತೀರ್ಮಾನಕ್ಕೆ ಬರುತ್ತಾರೆ. ಬೆನ್ನುಡಿಯನ್ನು ಬರೆಯುವವರು ಸಾಮಾನ್ಯವಾಗಿ ಲೇಖಕರ ಹಿತೈಷಿಗಳಾಗಿರುತ್ತಾರೆ. ಪುಸ್ತಕದ ಗುಣವನ್ನು ಅವರು ಹೇಳುತ್ತಾರೆಯೇ ಹೊರತು ಅದು ನಮ್ಮ ಕೈಯಲ್ಲಿ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಹೇಳುವುದಿಲ್ಲ. ಬಡಾವಣೆಯ ಚಿಕ್ಕ ವಾಚನಾಲಯವೊಂದಕ್ಕೆ ಪುಸ್ತಕ ಆರಿಸಿಕೊಡುವ ಕೆಲಸವನ್ನು ಹಲವು ವರ್ಷಗಳಿಂದ ಮಾಡುತ್ತ ಬಂದಿರುವ ನಾನು, ಓದುಗರು ಯಾವುದನ್ನು ಮತ್ತೆ ಮತ್ತೆ ಕೇಳಿ ಒಯ್ಯುತ್ತಾರೆ, ಯಾವುದನ್ನು ಎರಡೇ ದಿನಕ್ಕೆ ಹಿಂದಿರುಗಿಸುತ್ತಾರೆ ಎಂಬುದನ್ನು ನೋಡುತ್ತ ಕಲಿತ ಕ್ರಮವೊಂದಿದೆ. ಪುಸ್ತಕದಲ್ಲಿ ನಿಮಗೆ ಚೆನ್ನಾಗಿ ಗೊತ್ತಿರುವ ಸಂಗತಿ ಎಲ್ಲಿ ಬರುತ್ತದೆಯೋ ಆ ಪುಟವನ್ನು ಮೊದಲು ತೆರೆದು ಓದಬೇಕು. ಅಲ್ಲಿ ಲೇಖಕರು ನಂಬಿಕೆ ಉಳಿಸಿಕೊಂಡರೆ, ನಮಗೆ ಗೊತ್ತಿಲ್ಲದ ಪುಟಗಳಲ್ಲಿಯೂ ಅವರ ಕೈಹಿಡಿದು ನಡೆಯಬಹುದು.

ಈ ಕ್ರಮ ಇತಿಹಾಸದ ಪುಸ್ತಕಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಹೊಂದುತ್ತದೆ. ನಮ್ಮ ವಾಚನಾಲಯಕ್ಕೆ ಬರುವ ಬಾದಾಮಿ ಸೀಮೆಯ ನಿವೃತ್ತ ಮೇಷ್ಟ್ರೊಬ್ಬರು ಯಾವುದೇ ಕರ್ನಾಟಕದ ಇತಿಹಾಸವನ್ನು ಕೈಗೆತ್ತಿಕೊಂಡರೂ ಮೊದಲು ಕೊನೆಯ ಪುಟಗಳಿಗೆ ಹೋಗಿ, ಪದಸೂಚಿಯಲ್ಲಿ ಐಹೊಳೆಯನ್ನು ಹುಡುಕುತ್ತಾರೆ. ಒಮ್ಮೆ ಹಾಗೆ ಹುಡುಕಿ ತೆರೆದ ಪುಟದ ಮೇಲೆ ಬೆರಳಿಟ್ಟು, "ಸರ್, ಇಲ್ಲಿ ನೋಡ್ರಿ, ಮೇಗುತಿ ಶಾಸನ ಶಕ 634 ಅಂತ ಬರದಾರ. ಅದು 556 ಇರಬೇಕಲ್ರೀ" ಎಂದರು. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಹೊಗಳಿ ರವಿಕೀರ್ತಿಯು ರಚಿಸಿದ, ಐಹೊಳೆಯ ಮೇಗುತಿ ಗುಡಿಯ ಆ ಶಾಸನದ ಕಾಲ ಶಕವರ್ಷ 556, ಅಂದರೆ ಕ್ರಿಸ್ತಶಕ 634-35. ಕ್ರಿಸ್ತಶಕದ ಅಂಕಿಯನ್ನೇ ಶಕವರ್ಷವೆಂದು ಅಚ್ಚುಹಾಕಿದ್ದರಿಂದ, ಆ ಪುಸ್ತಕವನ್ನು ನಂಬಿ 78ನ್ನು ಕೂಡಿಸಿದವನಿಗೆ ಕ್ರಿಸ್ತಶಕ 712 ಸಿಗುತ್ತಿತ್ತು. ಆ ಹೊತ್ತಿಗೆ ಪುಲಕೇಶಿ ತೀರಿಕೊಂಡು ಸುಮಾರು ಎಪ್ಪತ್ತು ವರ್ಷಗಳಾಗಿದ್ದವು. ಅಚ್ಚಿನ ತಪ್ಪು ಯಾರಿಗೂ ಆಗಬಹುದು ಎಂಬ ಮಾತು ನಿಜ. ಆದರೆ ಅದೇ ಅಧ್ಯಾಯದಲ್ಲಿ ಇನ್ನೆರಡು ಕಡೆ ಇದೇ ಬಗೆಯ ತಪ್ಪು ಕಂಡ ಮೇಲೆ ನಾವು ಆ ಪುಸ್ತಕವನ್ನು ಕೊಳ್ಳಲಿಲ್ಲ.

ಆದುದರಿಂದ ಇತಿಹಾಸದ ಓದುಗರು ಶಕವರ್ಷದ ಲೆಕ್ಕವನ್ನು ಕೈಯಳತೆಯಲ್ಲಿ ಇಟ್ಟುಕೊಂಡಿರುವುದು ಒಳ್ಳೆಯದು. ಸಾಮಾನ್ಯವಾಗಿ 78ನ್ನು ಕೂಡಿಸಿದರೆ ಸಾಕು. ಶಕವರ್ಷವು ಚೈತ್ರದಿಂದ ಆರಂಭವಾಗುವುದರಿಂದ, ಘಟನೆಯು ಜನವರಿಯಿಂದ ಯುಗಾದಿಯೊಳಗೆ ಬಿದ್ದರೆ 79ನ್ನು ಕೂಡಿಸಬೇಕು. ವಿಜಯನಗರದ ಪತನಕ್ಕೆ ಕಾರಣವಾದ ಕಾಳಗ 1565ರ ಜನವರಿ 23ರಂದು ನಡೆಯಿತು. ಅದು ಶಕವರ್ಷ 1486, ರಕ್ತಾಕ್ಷಿ ಸಂವತ್ಸರ. ಸಂವತ್ಸರದ ಹೆಸರನ್ನಷ್ಟೇ ಕೊಟ್ಟು ಮುಂದೆ ಸಾಗುವ ಪುಸ್ತಕ ನಮಗೆ ನೆರವಾಗದು, ಏಕೆಂದರೆ ಅರವತ್ತು ವರ್ಷಕ್ಕೊಮ್ಮೆ ಮರಳುವ ರಕ್ತಾಕ್ಷಿಯು 1984ರಲ್ಲಿಯೂ ಬಂದಿತ್ತು. ಇದೇ ಕಾಳಗಕ್ಕೆ ತಾಳಿಕೋಟೆಯ ಯುದ್ಧ, ರಕ್ಕಸತಂಗಡಿಯ ಯುದ್ಧ, ಬನ್ನಿಹಟ್ಟಿಯ ಯುದ್ಧ ಎಂಬ ಹೆಸರುಗಳಿವೆ. ಒಂದೇ ಯುದ್ಧಕ್ಕೆ ಇಷ್ಟು ಹೆಸರುಗಳೇಕೆ, ಅದು ನಡೆದದ್ದು ತಾಳಿಕೋಟೆಯಲ್ಲೋ ಅಲ್ಲಿಂದ ದೂರದಲ್ಲಿ ಕೃಷ್ಣೆಯ ಬಳಿಯೋ ಎಂಬುದನ್ನು ಒಂದು ನಕ್ಷೆ ಹಾಕಿ ವಿವರಿಸುವ ಪುಸ್ತಕವನ್ನು ಓದುಗರು ಎಷ್ಟು ಮೆಚ್ಚುತ್ತಾರೆಂದರೆ, ನಮ್ಮಲ್ಲಿರುವ ಅಂಥದೊಂದು ಪುಸ್ತಕದಲ್ಲಿ ನಕ್ಷೆಯ ಹಾಳೆ ಮಾತ್ರ ಹೊಲಿಗೆಯಿಂದ ಬಿಟ್ಟುಬಂದಿದೆ. ನದಿಗಳನ್ನೂ ಊರುಗಳನ್ನೂ ಕನ್ನಡದಲ್ಲಿಯೇ ಗುರುತಿಸಿದ ನಕ್ಷೆ ಇದೆಯೇ ಎಂದು ತಪ್ಪದೆ ನೋಡಿ.

ಆಧಾರಗಳ ವಿಷಯದಲ್ಲಿ ಸಾಮಾನ್ಯ ಓದುಗರಿಗೆ ಅಡಿಟಿಪ್ಪಣಿ ಬೇಡವೆಂಬ ಭಾವನೆ ಕೆಲವು ಪ್ರಕಾಶಕರಲ್ಲಿದೆ. ಅದು ಸರಿಯಲ್ಲವೆಂದು ನಾನು ಖಚಿತವಾಗಿ ಹೇಳಬಲ್ಲೆ. ತಮ್ಮ ಊರಿನ ವೀರಗಲ್ಲಿನ ಬಗ್ಗೆ ಒಂದು ಸಾಲು ಓದಿದವರು, ಆ ಸಾಲು ಎಲ್ಲಿಂದ ಬಂತೆಂದು ತಿಳಿಯಲು ಕಾತರರಾಗಿರುತ್ತಾರೆ. ಬಿ.ಎಲ್. ರೈಸ್ ಅವರು 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಲ್ಲಿ ಶಾಸನಗಳು ತಾಲ್ಲೂಕುವಾರು ಸಂಖ್ಯೆ ಪಡೆದಿವೆ. ಮುಂದೆ ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಪರಿಷ್ಕೃತ ಸಂಪುಟಗಳಲ್ಲಿ ಸಂಪುಟದ ಹಂಚಿಕೆಯೂ ಸಂಖ್ಯೆಗಳೂ ಬದಲಾಗಿವೆ. ಹಾಗಾಗಿ ಲೇಖಕರು ಸಂಪುಟ, ತಾಲ್ಲೂಕು, ಸಂಖ್ಯೆಗಳ ಜೊತೆಗೆ ಹಳೆಯದೋ ಪರಿಷ್ಕೃತವೋ ಎಂಬುದನ್ನೂ ಹೇಳಿದ್ದರೆ ಮಾತ್ರ ಓದುಗರು ತಾವೇ ಹೋಗಿ ಆ ಶಾಸನದ ಮುಂದೆ ನಿಲ್ಲಬಲ್ಲರು. ಅಂಥ ಸೂಚನೆ ಹತ್ತು ಪುಟಕ್ಕೊಂದಾದರೂ ಇದ್ದರೆ ಆ ಪುಸ್ತಕವನ್ನು ಧೈರ್ಯವಾಗಿ ಕೊಳ್ಳಬಹುದು.

ಇಲ್ಲಿಯೇ ಒಳಪುಟದ ಮಾತನ್ನೂ ಹೇಳಿಬಿಡುತ್ತೇನೆ. ಕನ್ನಡ ಪುಸ್ತಕಗಳ ಎರಡನೆಯ ಹಾಳೆಯ ಹಿಂಬದಿಯಲ್ಲಿ ಮುದ್ರಣದ ವರ್ಷ, ಪುಟಗಳ ಸಂಖ್ಯೆ, ಡೆಮಿ 1/8 ಅಥವಾ ಕ್ರೌನ್ 1/8 ಎಂಬ ಆಕಾರ, ಕಾಗದದ ತೂಕವನ್ನು ಹೇಳುವ ಜಿ.ಎಸ್.ಎಂ. ಎಲ್ಲವೂ ಸಣ್ಣಕ್ಷರದಲ್ಲಿ ಇರುತ್ತವೆ. ಅಲ್ಲಿ "ಮರುಮುದ್ರಣ" ಎಂದಿದೆಯೋ "ಪರಿಷ್ಕೃತ ಆವೃತ್ತಿ" ಎಂದಿದೆಯೋ ನೋಡಿ. ಮರುಮುದ್ರಣವೆಂದರೆ ಹಳೆಯದೇ ಪಠ್ಯ, ಹೊಸ ಕಾಗದ. ಕಾದಂಬರಿಗೆ ಅದರಿಂದ ಏನೂ ಕುಂದಿಲ್ಲ. ಇತಿಹಾಸಕ್ಕೆ ಮಾತ್ರ ಅದು ಮುಖ್ಯ: ಕನ್ನಡದ ಮೊದಲ ಶಾಸನದ ಪ್ರಶ್ನೆಯನ್ನೇ ತೆಗೆದುಕೊಂಡರೆ, ಹಳೆಯ ಪುಸ್ತಕಗಳು ಕ್ರಿಸ್ತಶಕ 450ರ ಸುಮಾರಿನ ಹಲ್ಮಿಡಿ ಶಾಸನದಲ್ಲಿಗೆ ನಿಲ್ಲುತ್ತವೆ, ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಈಚೆಗೆ ದೊರೆತ ಸಿಂಹಕಟಾಂಜನ ಶಾಸನವು 370ರ ಸುಮಾರಿನದೆಂಬ ವಾದವನ್ನು ಅವು ತಿಳಿಸಲಾರವು. ಎರಡನ್ನೂ ಮುಂದಿಟ್ಟು, ಕಾಲನಿರ್ಣಯ ಹೇಗೆ ಆಯಿತೆಂದು ಹೇಳುವ ಪುಸ್ತಕವು ಓದುಗರನ್ನು ಬೆಳೆದವರೆಂದು ಗೌರವಿಸುತ್ತದೆ.

ಕಾದಂಬರಿಯಲ್ಲಿ ಗೊತ್ತಿರುವ ಪುಟ ಯಾವುದು? ನನ್ನ ಅನುಭವದಲ್ಲಿ ಅದು ಸಂಭಾಷಣೆ. ಮೊದಲ ಪುಟವನ್ನು ಎಲ್ಲ ಲೇಖಕರೂ ತಿದ್ದಿ ತೀಡಿರುತ್ತಾರೆ, ಆದುದರಿಂದ ಅದನ್ನು ಬಿಟ್ಟು, ಪುಸ್ತಕದ ನಡುಭಾಗದಲ್ಲಿ ಇಬ್ಬರು ಮಾತಾಡುತ್ತಿರುವ ಕಡೆ ತೆರೆದು ಮೆಲ್ಲಗೆ ಬಾಯಿಬಿಟ್ಟು ಓದಿ. ಹೆಸರುಗಳನ್ನು ಮುಚ್ಚಿದರೂ ಯಾವ ಮಾತು ಯಾರದು ಎಂದು ತಿಳಿಯುತ್ತದೆಯೇ? ಅತ್ತೆಯ ಮಾತೂ ಸೊಸೆಯ ಮಾತೂ ಒಂದೇ ಲಯದಲ್ಲಿ ಸಾಗಿದರೆ, ಅಲ್ಲಿ ಮಾತಾಡುತ್ತಿರುವುದು ಲೇಖಕರೇ. ಧಾರವಾಡದಲ್ಲಿ ಹುಟ್ಟಿ ಬೆಳೆದ ಪಾತ್ರ ಗೆಳೆಯನಿಗೆ "ಬಂದ್ಬಿಟ್ಟೆ ಕಣೋ" ಎಂದರೆ ಆ ಸೀಮೆಯ ಓದುಗರು ಪುಸ್ತಕವನ್ನು ಅಲ್ಲಿಯೇ ಮುಚ್ಚುತ್ತಾರೆ. ಮಂಗಳೂರಿನ ಹೆಂಗಸಿನ ಬಾಯಲ್ಲಿ "ಮಾರಾಯ್ರೇ" ಎಂಬ ಪದವನ್ನು ಸಾಲಿಗೊಂದರಂತೆ ತುರುಕಿದರೂ ಕರಾವಳಿಯವರಿಗೆ ಅಷ್ಟೇ ಬೇಸರವಾಗುತ್ತದೆ. ಉಪಭಾಷೆಯ ಪದಗಳು ಅರ್ಥವಾಗದೆ ಹೋದರೂ ಓದುಗರು ಹಿಂಜರಿಯುವುದಿಲ್ಲವೆಂಬುದು ನನಗೆ ನಿಧಾನವಾಗಿ ತಿಳಿಯಿತು. ಕಲಬುರಗಿಯ ಮಾತಿನಲ್ಲಿ ಬರೆದ ಕತೆಗಳನ್ನು ಮಂಡ್ಯದ ಓದುಗರು ಸಂತೋಷದಿಂದ ಓದಿ ಮುಗಿಸಿದ್ದನ್ನು ಕಂಡಿದ್ದೇನೆ. ಅವರು ಕೇಳುವುದು ಮಾತು ಆ ವ್ಯಕ್ತಿಯದೇ ಆಗಿರಬೇಕು ಎಂಬುದನ್ನಷ್ಟೆ.

ಐತಿಹಾಸಿಕ ಕಾದಂಬರಿಗೆ ಇನ್ನೊಂದು ಪರೀಕ್ಷೆ ಉಂಟು, ಅದನ್ನು ಅಡುಗೆಮನೆಯಲ್ಲಿ ಮಾಡಬೇಕು. ಹೊಯ್ಸಳರ ಕಾಲದ ಮನೆಯೊಂದರಲ್ಲಿ ಕೆಂಪು ಮೆಣಸಿನಕಾಯಿಯ ಒಗ್ಗರಣೆ ಸಿಡಿದರೆ ಲೇಖಕರು ಎಚ್ಚರ ತಪ್ಪಿದ್ದಾರೆಂದೇ ಅರ್ಥ. ಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಕಡಲೆಕಾಯಿ, ಗೋಡಂಬಿ, ಸೀಬೆ, ಹೊಗೆಸೊಪ್ಪು ಇವೆಲ್ಲ ಅಮೆರಿಕ ಖಂಡಗಳಿಂದ ಹೊರಟು, ಪೋರ್ಚುಗೀಸರು 1498ರಲ್ಲಿ ಕಲ್ಲಿಕೋಟೆಗೆ ಬಂದ ಬಳಿಕ ನಮ್ಮ ನೆಲವನ್ನು ಕಂಡವು. ಅದಕ್ಕೆ ಮುಂಚಿನ ಖಾರ ಕಾಳುಮೆಣಸಿನದು, ಶುಂಠಿಯದು, ಹಿಪ್ಪಲಿಯದು. ಹೊಸದಾಗಿ ಬಂದ ಕಾಯಿಗೆ ನಮ್ಮವರು ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದು ಕರೆದರು. ಈ ಪದದೊಳಗೇ ಐನೂರು ವರ್ಷಗಳ ಚರಿತ್ರೆ ಅಡಗಿದೆಯೆಂಬುದನ್ನು ಬಲ್ಲ ಲೇಖಕರು ಅಡುಗೆಮನೆಯ ಒಂದು ದೃಶ್ಯದಿಂದಲೇ ಕಾಲವನ್ನು ಕಟ್ಟಬಲ್ಲರು. ಹಾಗೆಂದು ಇಂಥ ಒಂದು ತಪ್ಪಿಗಾಗಿ ಒಳ್ಳೆಯ ಕಾದಂಬರಿಯನ್ನು ಬದಿಗಿಡಬೇಕೆಂದು ನಾನು ಹೇಳುವುದಿಲ್ಲ. ಪಾತ್ರಗಳು ಜೀವಂತವಾಗಿದ್ದರೆ ಓದುಗರು ಒಂದು ಮೆಣಸಿನಕಾಯಿಯನ್ನು ಕ್ಷಮಿಸುತ್ತಾರೆ. ಇತಿಹಾಸದ ಪುಸ್ತಕಕ್ಕೆ ಆ ಕ್ಷಮೆ ಇಲ್ಲ, ಇರಲೂಬಾರದು. ಲೇಖಕರ ಅರಿಕೆಯಲ್ಲಿ ಯಾವ ಪಾತ್ರಗಳು ದಾಖಲೆಯಿಂದ ಬಂದವು, ಯಾವುವು ಕಲ್ಪಿತ ಎಂಬುದನ್ನು ಒಂದೆರಡು ಪುಟದಲ್ಲಿ ಬರೆದಿದ್ದರೆ ಅದನ್ನು ದೊಡ್ಡ ಗುಣವೆಂದೇ ಎಣಿಸಿ. ಕತೆ ಮುಗಿಸಿದ ಓದುಗರಲ್ಲಿ ಹಲವರು ಮೊದಲು ಹುಡುಕುವುದು ಅದನ್ನೇ.

ಹವ್ಯಾಸದ ಪುಸ್ತಕಗಳಲ್ಲಿ ಓದುಗರು ಅಪೇಕ್ಷಿಸುವುದು ಅಳತೆ. ಕೈತೋಟದ ಪುಸ್ತಕವೊಂದರಲ್ಲಿ, ದಾಸವಾಳಕ್ಕೆ ಬಿಳಿ ಹಿಟ್ಟಿನಂತೆ ಅಂಟಿಕೊಳ್ಳುವ ಹಿಟ್ಟು ತಿಗಣೆಗೆ "ಬೇವಿನ ಎಣ್ಣೆಯನ್ನು ನೀರಿನಲ್ಲಿ ಬೆರೆಸಿ ಸಿಂಪಡಿಸಿ" ಎಂದಷ್ಟೇ ಇತ್ತು. ನಾನು ಹಾಗೆಯೇ ಮಾಡಿದೆ. ಎಣ್ಣೆ ನೀರಿನ ಮೇಲೆ ತೇಲುತ್ತಿತ್ತು. ಸಿಂಪಡಕದಿಂದ ಮೊದಲು ಬರೀ ನೀರು, ಕೊನೆಯಲ್ಲಿ ಬರೀ ಎಣ್ಣೆ ಬಿತ್ತು. ನಡುಮಧ್ಯಾಹ್ನ ಎಣ್ಣೆ ಬಿದ್ದ ಎಲೆಗಳು ಎರಡು ದಿನಗಳಲ್ಲಿ ಅಂಚಿನಿಂದ ಕಂದಿ ಉದುರಿದವು, ತಿಗಣೆ ಎಲೆಯಡಿಯಲ್ಲಿ ಹಾಗೆಯೇ ಉಳಿದಿತ್ತು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು ಕೆಲವು ಹನಿ ಸೋಪಿನ ದ್ರಾವಣ ಬೆರೆಸಿ, ಆಮೇಲೆ 5 ಮಿ.ಲೀ. ಬೇವಿನ ಎಣ್ಣೆ ಹಾಕಿ ಚೆನ್ನಾಗಿ ಕುಲುಕಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಬೇಕು, ವಾರದ ಬಳಿಕ ಮತ್ತೊಮ್ಮೆ ಮಾಡಬೇಕು ಎಂದು ಬರೆಯಲು ಆ ಪುಸ್ತಕಕ್ಕೆ ಇನ್ನು ಮೂರು ಸಾಲು ಸಾಕಾಗುತ್ತಿತ್ತು. ಆದುದರಿಂದ ನಿಮ್ಮ ಮನೆಯಲ್ಲಿ ಈಗಾಗಲೇ ಬೆಳೆಯುತ್ತಿರುವ ಗಿಡದ ಪುಟವನ್ನು ತೆರೆದು, ಎಷ್ಟು, ಯಾವಾಗ, ಎಷ್ಟು ದಿನಕ್ಕೊಮ್ಮೆ ಎಂಬ ಮೂರಕ್ಕೂ ಉತ್ತರವಿದೆಯೇ ನೋಡಿ. ಕೆಟ್ಟರೆ ಏಕೆ ಕೆಟ್ಟಿತು ಎಂಬುದಕ್ಕೂ ಒಂದು ಪುಟವಿದ್ದರೆ ಅದನ್ನು ಬಿಡಬೇಡಿ.

ಊರೂ ಮುಖ್ಯ. ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುವ ಆಗುಂಬೆಗೂ 500 ಮಿ.ಮೀ. ಆಸುಪಾಸಿನ ಚಳ್ಳಕೆರೆಗೂ ಒಂದೇ ಸಲಹೆ ಕೊಡುವ ತೋಟಗಾರಿಕೆಯ ಪುಸ್ತಕ ಇಬ್ಬರಿಗೂ ಒದಗುವುದಿಲ್ಲ. ಮಲ್ಲಿಗೆಯಲ್ಲೇ ಮೈಸೂರು, ಉಡುಪಿ, ಹಡಗಲಿ ಎಂದು ಭೌಗೋಳಿಕ ಸೂಚಕ ಪಡೆದ ಮೂರು ಬಗೆಗಳಿರುವಾಗ ಬರೀ "ಮಲ್ಲಿಗೆ" ಎಂಬ ಅಧ್ಯಾಯದಿಂದ ಕೈತೋಟದವರಿಗೆ ಏನು ದೊರೆತೀತು? ಹಕ್ಕಿಗಳ ಪುಸ್ತಕಕ್ಕೂ ಇದೇ ಮಾತು ಸಲ್ಲುತ್ತದೆ: ಒಂದು ಕಡೆ ಕೆಂಬೂತ ಎನಿಸಿಕೊಂಡ ಹಕ್ಕಿ ಇನ್ನೊಂದು ಕಡೆ ರತ್ನಪಕ್ಷಿಯಾಗಿರುವುದರಿಂದ, ಊರಿನ ಹೆಸರುಗಳ ಜೊತೆಗೆ ಸೆಂಟ್ರೊಪಸ್ ಸೈನೆನ್ಸಿಸ್ ಎಂಬ ವೈಜ್ಞಾನಿಕ ಹೆಸರೂ ಇರಬೇಕು. ನಾಣ್ಯದ ಪುಸ್ತಕವಾದರೆ ಎರಡೂ ಮುಖಗಳ ಚಿತ್ರ, ತೂಕ, ವ್ಯಾಸ. ವಿಜಯನಗರದ ಅರಸ ಅಚ್ಯುತರಾಯನ ಗಂಡಭೇರುಂಡದ ವರಾಹವೆಂಬ ಚಿನ್ನದ ನಾಣ್ಯವು ಸುಮಾರು 3.4 ಗ್ರಾಂ ಎಂದು ತಿಳಿಯದವರು ಅರ್ಧ ವರಾಹವನ್ನೇ ವರಾಹವೆಂದು ಕೊಳ್ಳಬಹುದು. ಅಡುಗೆಯ ಹಳೆಯ ಪುಸ್ತಕಗಳಲ್ಲಿ ಸೇರು, ಪಾವುಗಳ ಅಳತೆ ಇರುತ್ತದೆ. ಪಾವು ಕಾಲು ಸೇರೆಂಬುದು ಎಲ್ಲರಿಗೂ ಗೊತ್ತು, ಆದರೆ ಸೇರಿನ ಪ್ರಮಾಣವೇ ಸೀಮೆಯಿಂದ ಸೀಮೆಗೆ ಬೇರೆಯಾಗಿತ್ತು. ಗ್ರಾಮಿನ ಲೆಕ್ಕ ಕೊಟ್ಟಿರುವ ಮುದ್ರಣವನ್ನು ಆರಿಸಿ. ಇಂಥ ಪುಸ್ತಕವನ್ನು ಅಂಗಡಿಯಲ್ಲಿಯೇ ಮೇಜಿನ ಮೇಲೆ ಬಿಚ್ಚಿಟ್ಟು ಕೈ ತೆಗೆದು ನೋಡಬೇಕು, ಏಕೆಂದರೆ ಕೈಗೆ ಹಿಟ್ಟೋ ಮಣ್ಣೋ ಅಂಟಿರುವ ಹೊತ್ತಿನಲ್ಲಿ ತಾನೇ ಮುಚ್ಚಿಕೊಳ್ಳುವ ಪುಸ್ತಕ ಕಪಾಟಿನಲ್ಲೇ ಉಳಿಯುತ್ತದೆ. ಅಂಟಿನ ಬೈಂಡಿಂಗಿಗಿಂತ ಹೊಲಿಗೆಯ ಬೈಂಡಿಂಗ್ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಮೂವತ್ತು ನಲವತ್ತು ರೂಪಾಯಿ ಹೆಚ್ಚಾದರೂ ಅದನ್ನೇ ಕೊಳ್ಳಿ.

ಬೇರೆಯವರಿಗೆಂದು ಪುಸ್ತಕ ಕೊಳ್ಳುವಾಗ ಮಾತ್ರ ನಮಗೆ ಗೊತ್ತಿರುವ ಪುಟ ಸಾಲದು, ಅವರಿಗೆ ಗೊತ್ತಿರುವುದನ್ನು ನೆನೆಯಬೇಕು. ಹೊರದೇಶದಲ್ಲಿರುವ ಮಗಳೊಬ್ಬಳು ಊರಿನಲ್ಲಿರುವ ತಂದೆಗೆ ಒಂದು ಪುಸ್ತಕ ಆರಿಸಿ ಕಳುಹಿಸಿರೆಂದು ಕಳೆದ ವರ್ಷ ನನ್ನನ್ನು ಕೇಳಿದ್ದರು. ತಂದೆಯವರ ಊರು ಹಡಗಲಿಯ ಹತ್ತಿರ, ಮನೆಯ ಹಿಂದೆ ಮಲ್ಲಿಗೆಯ ತೋಟ. ನಾನು ಮೂರು ಪುಸ್ತಕಗಳ ಮಲ್ಲಿಗೆಯ ಪುಟಗಳನ್ನು ಫೋಟೊ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಆ ತಂದೆಯವರಿಗೇ ಕಳುಹಿಸಿದೆ. ಸಂಜೆ ಫೋನು ಮಾಡಿ, "ಎರಡನೇದು ಕಳಿಸ್ರಿ, ಅದನ್ನ ಬರದಾವ್ರು ಗಿಡ ಸವರಿದಾರ" ಎಂದರು.